ವಿಲ್ ಆದಮೇಲೆ ಏನು? ನಾನು ಹೇಳಿಕೊಡುವ ರೀತಿ

ಕೋಲಾರದಲ್ಲಿ ಸಂಜೆ ಹೊತ್ತು ಹತ್ತನೇ ಕ್ಲಾಸು, ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಮಾಡುತ್ತೇನೆ. ಫ್ಯೂಚರ್ ಟೆನ್ಸ್ ಬಂದಾಗ ಚಾರ್ಟ್ ಬರೆಸಿ ಬಾಯಿಪಾಠ ಮಾಡಿಸುವುದಿಲ್ಲ. ಮೊದಲು ಕನ್ನಡದಲ್ಲಿ ವಾಕ್ಯ ಹೇಳಿಸುತ್ತೇನೆ.

ಸಿಂಪಲ್ ಫ್ಯೂಚರ್‌ಗೆ ಜಾಸ್ತಿ ಹೊತ್ತು ಬೇಡ. 'ವಿಲ್' ಪಕ್ಕ ಕ್ರಿಯಾಪದದ ಮೊದಲ ರೂಪ, ಅಷ್ಟೇ. ಐ, ಹಿ, ದೇ ಯಾರೇ ಬರಲಿ, ಬದಲಾಗುವುದಿಲ್ಲ. 'ಹಿ ವಿಲ್ ಗೋಸ್' ಅಂದವರನ್ನು ಒಂದೆರಡು ಸಲ ತಿದ್ದಿದರೆ ಸಾಕು.

ತೊಡಕಿರುವುದು ಮುಂದಿನ ಎರಡರಲ್ಲಿ. ಸುತ್ತಲ ಹಳ್ಳಿಯ ಎಷ್ಟೋ ಮಕ್ಕಳಿಗೆ ಟೊಮೇಟೊ ತೋಟದ ಕೆಲಸ ಗೊತ್ತು. ಬೋರ್ಡಿನ ಮೇಲೆ ಗಡಿಯಾರ ಬರೆದು ಕೇಳುತ್ತೇನೆ:

"ನಾಳೆ ಬೆಳಿಗ್ಗೆ 7ಕ್ಕೆ ಏನ್ ಮಾಡ್ತಾ ಇರ್ತೀರ?"

"ಹಣ್ಣು ಕೀಳ್ತಾ ಇರ್ತೀವಿ ಮಿಸ್."

"10 ಗಂಟೆ ಹೊತ್ತಿಗೆ?"

"ಎಲ್ಲಾ ಕಿತ್ತು ಬಾಕ್ಸಿಗೆ ತುಂಬಿರ್ತೀವಿ."

ಇಂಗ್ಲಿಷಿಗೆ ಬೇಕಾದ್ದೆಲ್ಲ ಇದರಲ್ಲೇ ಇದೆ, ಅಲ್ವಾ? 'ಕೀಳ್ತಾ ಇರ್ತೀವಿ' ಅಂದರೆ 'ವಿಲ್ ಬಿ', ಆಮೇಲೆ 'ಇಂಗ್': ವಿ ವಿಲ್ ಬಿ ಪಿಕಿಂಗ್ ಟೊಮೇಟೋಸ್ ಅಟ್ ಸೆವೆನ್. 'ತುಂಬಿರ್ತೀವಿ' ಅಂದರೆ 'ವಿಲ್ ಹ್ಯಾವ್', ಆಮೇಲೆ ಕ್ರಿಯಾಪದದ ಮೂರನೇ ರೂಪ: ವಿ ವಿಲ್ ಹ್ಯಾವ್ ಫಿಲ್ಡ್ ದ ಬಾಕ್ಸಸ್ ಬೈ ಟೆನ್. ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು ಇಲ್ಲಿ ಬಹಳ. ಅವರಿಗೂ ಇದೇ ದಾರಿ ಸರಿಹೋಗುತ್ತದೆ: ಕೋಸ್ತೂ ಉಂಟಾಮು, ಕೋಸಿ ಉಂಟಾಮು.

ಗಂಟೆ ಮಾತ್ರ ಹೇಳಲೇಬೇಕು. ಸುಮ್ನೆ 'ಕೀಳ್ತಾ ಇರ್ತೀವಿ' ಅಂದರೆ ದಿನಾ ಮಾಡುವ ಕೆಲಸ ಅಂತಲೂ ಆಗುತ್ತದಲ್ಲ.

ಮೂರನೇ ರೂಪಕ್ಕೆ ಮಾತ್ರ ಬಾಯಿಪಾಠವೇ ಗತಿ. ಲಾರಿ ಹೊರಟುಹೋಗಿರುತ್ತೆ ಅನ್ನಲು 'ವಿಲ್ ಹ್ಯಾವ್ ವೆಂಟ್' ಅಂತ ಬರೆಯುವವರೇ ಜಾಸ್ತಿ. ಅಲ್ಲಿ 'ಗಾನ್' ಬರಬೇಕು.

ನಾಲ್ಕನೆಯದು 'ವಿಲ್ ಹ್ಯಾವ್ ಬೀನ್ ಪಿಕಿಂಗ್'. 8ಕ್ಕೆ ನೋಡಿದರೆ ಕೀಳಲು ಶುರು ಮಾಡಿ ಎರಡು ಗಂಟೆ ಆಗಿರುತ್ತದೆ, ಕೆಲಸ ಇನ್ನೂ ನಡೀತಾ ಇರುತ್ತದೆ. ಮಾತಿನಲ್ಲಿ ಇದರ ಬಳಕೆ ಕಡಿಮೆ. ಪರೀಕ್ಷೆಗೆ ಅಂತ ಒಂದೆರಡು ವಾಕ್ಯ ಬರೆಸಿ ಮುಂದೆ ಹೋಗುತ್ತೇನೆ.

ಆ ಸಮಯವನ್ನು 'ಗೋಯಿಂಗ್ ಟು'ಗೆ ಕೊಡುವುದು ಮೇಲು. ಮಂಡಿ ಮುಂದೆ ಲಾರಿಗಳ ಸಾಲು ನೋಡಿ 'ಇವತ್ತು ರೇಟ್ ಬೀಳುತ್ತೆ' ಅನ್ನುತ್ತೇವಲ್ಲ, ಅದು 'ದ ಪ್ರೈಸ್ ಈಸ್ ಗೋಯಿಂಗ್ ಟು ಫಾಲ್'. ಕಣ್ಣೆದುರು ಸುಳಿವಿದೆ. ಯಾರೋ ಬಾಕ್ಸ್ ಎತ್ತಲು ಒದ್ದಾಡುವಾಗ 'ತಾಳಿ, ನಾನು ಹಿಡ್ಕೋತೀನಿ' ಅಂತ ಆಗಲೇ ಹೊಳೆದು ಹೇಳಿದರೆ 'ಐ ವಿಲ್ ಹೆಲ್ಪ್ ಯು'.

ಇನ್ನು 'ವೆನ್', 'ಇಫ್'. ಮಂಡಿ ತಲುಪಿದ ಮೇಲೆ ಫೋನ್ ಮಾಡ್ತೀನಿ ಅನ್ನಲು 'ವೆನ್ ಐ ರೀಚ್ ದ ಮಾರ್ಕೆಟ್, ಐ ವಿಲ್ ಕಾಲ್ ಯು'. ಎರಡೂ ನಾಳೆಯ ಕೆಲಸವೇ ಅಲ್ವಾ ಅಂತ ಮಕ್ಕಳು ಎರಡೂ ಕಡೆ ವಿಲ್ ತುರುಕುತ್ತಾರೆ. ಅದಕ್ಕೇ 'ವೆನ್'ನಿಂದ ಕಾಮಾದವರೆಗೆ ಸೀಮೆಸುಣ್ಣದಲ್ಲಿ ಚೌಕ ಎಳೆದು, ಇದರೊಳಗೆ ವಿಲ್‌ಗೆ ಜಾಗ ಇಲ್ಲ ಅನ್ನುತ್ತೇನೆ. ನೋಟ್ ಪುಸ್ತಕದಲ್ಲೂ ಹಾಗೇ ಚೌಕ ಎಳೆಸುತ್ತೇನೆ.