ಕೊರೆಯದಾಗಿದ್ದ ವಾಲ್ ಚೇಸರ್ ಬ್ಲೇಡ್ ಸರಿಹೋಯಿತು

ವೈರಿಂಗ್ ಪೈಪಿಗಾಗಿ ಗಟ್ಟಿ ಕಾಂಕ್ರೀಟ್ ಗೋಡೆ ಕೊರೆಯುವಾಗ ವಾಲ್ ಚೇಸರ್ (ವಜ್ರದ ಕಣಗಳಿರುವ ಜೋಡಿ ಬ್ಲೇಡ್‌ಗಳಿಂದ ಗೋಡೆಯಲ್ಲಿ ಸೀಳು ಕೊರೆಯುವ ಯಂತ್ರ) ಮುಂದೆ ಸಾಗದಾಯಿತು. ಕಿಡಿ ಹಾರುತ್ತಿತ್ತು, ಮೋಟಾರ್ ಬಿಸಿಯೇರುತ್ತಿತ್ತು, ಧೂಳು ಮಾತ್ರ ಬರುತ್ತಿರಲಿಲ್ಲ. ಪ್ಲಗ್ ಕಳಚಿ, ತಣಿದ ಮೇಲೆ ಎರಡೂ ಬ್ಲೇಡ್‌ಗಳ ಅಂಚನ್ನು ಬೆರಳಿನಿಂದ ಸವರಿದೆ. ಪೂರ್ತಿ ನುಣುಪು! ಬ್ಲೇಡ್ ಮುಗಿದಿರಲಿಲ್ಲ, ವಜ್ರದ ಕಣಗಳು ಮೊಂಡಾಗಿ, ಅವನ್ನು ಹಿಡಿದಿಡುವ ಲೋಹದ ಮಟ್ಟಕ್ಕೇ ಬಂದಿದ್ದವು.

ಮರಳುಗಲ್ಲಿನ ತುಂಡೊಂದನ್ನು ಕ್ಲಾಂಪಿನಲ್ಲಿ ಬಿಗಿದು, ಚೇಸರಿನಿಂದಲೇ ಅದರ ಮೇಲೆ ಕಡಿಮೆ ಆಳದಲ್ಲಿ ಕೆಲವು ಗೀರು ಹಾಕಿದೆ. ಒರಟು ಕಲ್ಲು ಲೋಹವನ್ನು ಸವೆಸಿ ಹೊಸ ಕಣಗಳನ್ನು ಹೊರತಂದಿತು. ಈಗ ಅಂಚು ಉಪ್ಪುಕಾಗದದಂತೆ ತರಿತರಿ. ಆಮೇಲೆ 25 ಮಿಲಿಮೀಟರ್ ಆಳವನ್ನು ಎರಡು ಹಂತಗಳಲ್ಲಿ ಕೊರೆದೆ. ಯಂತ್ರ ಸಲೀಸಾಗಿ ಸಾಗಿತು.

ಕೊರೆಯದಿದ್ದಾಗ ಬಲವಾಗಿ ಒತ್ತಬೇಡಿ, ಶಾಖ ಬ್ಲೇಡನ್ನೇ ಕೆಡಿಸುತ್ತದೆ. ಕಾಂಕ್ರೀಟ್ ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ವ್ಯಾಕ್ಯೂಮ್ ಮತ್ತು ಮಾಸ್ಕ್ ಇಲ್ಲದೆ ಸ್ವಿಚ್ ಮುಟ್ಟಲೇಬೇಡಿ.