ಮನೆಯಲ್ಲೇ ಹಸಿರು ಪರದೆ: ಬಟ್ಟೆ, ಪೈಪು ಮತ್ತು ಬೆಳಕಿನ ಲೆಕ್ಕ

ಮನೆಯಲ್ಲಿ ಪಾಠದ ವಿಡಿಯೊ ಮಾಡುವವರು ಗ್ರೀನ್ ಸ್ಕ್ರೀನ್ (ವಿಡಿಯೊದಲ್ಲಿ ಹಿನ್ನೆಲೆಯನ್ನು ತೆಗೆದು ಬೇರೆ ಚಿತ್ರ ಕೂರಿಸಲು ಹಿಂದೆ ಕಟ್ಟುವ ಹಸಿರು ಪರದೆ) ಬೇಕೆಂದಾಗ ಮೊದಲು ದುಬಾರಿ ಬಟ್ಟೆಯನ್ನು ಕೊಂಡು, ಬೆಳಕಿನ ಹೊತ್ತಿಗೆ ಕೈ ಬರಿದು ಮಾಡಿಕೊಳ್ಳುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಹಿನ್ನೆಲೆಯನ್ನು ತೆಗೆದುಹಾಕುವ ಸಾಫ್ಟ್‌ವೇರ್‌ಗೆ ಬಟ್ಟೆಯ ಬೆಲೆ ತಿಳಿಯುವುದಿಲ್ಲ. ಅದು ಹುಡುಕುವುದು ಅಂಚಿನಿಂದ ಅಂಚಿನವರೆಗೆ ಒಂದೇ ತೆರನಾದ ಹಸಿರನ್ನು. ಒಂದು ಸುಕ್ಕು ಅಥವಾ ನೆರಳು ಬಿದ್ದರೆ ಸಾಕು, ಅದೇ ಬಟ್ಟೆಯಲ್ಲಿ ಕ್ಯಾಮೆರಾಗೆ ಹತ್ತು ಬಗೆಯ ಹಸಿರು ಕಾಣುತ್ತದೆ. ಆದ್ದರಿಂದ ಪರದೆಯನ್ನು ಸುಮಾರು ₹1,500ರಿಂದ ₹2,000ದೊಳಗೆ ಮುಗಿಸಿ, ಉಳಿದ ಹಣವನ್ನು ದೀಪಗಳಿಗೆ ಇಟ್ಟುಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹಸಿರನ್ನೇ ಆರಿಸುವುದಕ್ಕೆ ಕಾರಣವಿದೆ. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಸೆನ್ಸರ್ ವಿನ್ಯಾಸವನ್ನೇ ಇಂದಿನ ಬಹುಪಾಲು ಕ್ಯಾಮೆರಾಗಳು ಅನುಸರಿಸುತ್ತವೆ. ಅದರಲ್ಲಿ ಬೆಳಕನ್ನು ಹಿಡಿಯುವ ಪ್ರತಿ ನಾಲ್ಕು ಬಿಂದುಗಳ ಪೈಕಿ ಎರಡು ಹಸಿರನ್ನು, ಒಂದು ಕೆಂಪನ್ನು, ಒಂದು ನೀಲಿಯನ್ನು ಗ್ರಹಿಸುತ್ತವೆ. ಹೀಗಾಗಿ ಕಡಿಮೆ ಬೆಳಕಿನಲ್ಲೂ ಹಸಿರು ಸ್ವಚ್ಛವಾಗಿ ದಾಖಲಾಗುತ್ತದೆ. ಮನುಷ್ಯರ ಚರ್ಮದಲ್ಲಿ ಕೆಂಪು, ಹಳದಿಯ ಪ್ರಮಾಣವೇ ಹೆಚ್ಚಾದ್ದರಿಂದ ಮುಖವನ್ನು ಹಿನ್ನೆಲೆಯಿಂದ ಬಿಡಿಸುವುದೂ ಸುಲಭ.

ಬಟ್ಟೆಯಂಗಡಿಯಲ್ಲಿ ಗಿಳಿಹಸಿರು ಬಣ್ಣದ, ಹೊಳಪಿಲ್ಲದ ದಪ್ಪ ಕಾಟನ್ ಕೇಳಬೇಕು. ಬಾಟಲಿ ಹಸಿರು ತೀರ ಕಪ್ಪಾಗುತ್ತದೆ, ಪಿಸ್ತಾ ಹಸಿರು ತೀರ ತೆಳುವಾಗುತ್ತದೆ. ಸ್ಯಾಟಿನ್ ಬೇಡವೇ ಬೇಡ, ಅದರ ಮೇಲೆ ದೀಪದ ಬಿಳಿ ಪಟ್ಟೆಗಳು ಮೂಡುತ್ತವೆ. ಬಟ್ಟೆಯನ್ನು ಅಂಗಡಿಯ ಬಾಗಿಲ ಬೆಳಕಿಗೆ ಹಿಡಿದು, ಹಿಂದೆ ನಿಮ್ಮ ಕೈ ಕಾಣದಿದ್ದರೆ ಮಾತ್ರ ಕೊಳ್ಳಿ. 58 ಇಂಚು ಪನ್ನದ ಬಟ್ಟೆಯಾದರೆ 5 ಮೀಟರ್ ಸಾಕು. ಅದನ್ನು ಎರಡೂವರೆ ಮೀಟರಿನ ಎರಡು ತುಂಡುಗಳಾಗಿಸಿ, ಅಡ್ಡಲಾಗಿ ಒಂದರ ಕೆಳಗೊಂದನ್ನು ಇಟ್ಟು ಹೊಲಿಸಬೇಕು. ಮೇಲಿನ ತುಂಡನ್ನು ಪೂರ್ತಿ ಪನ್ನದಲ್ಲೇ ಉಳಿಸಿಕೊಂಡರೆ ಹೊಲಿಗೆಯ ಗೆರೆ ನೆಲದಿಂದ ಸುಮಾರು ಎರಡೂವರೆ ಅಡಿ ಎತ್ತರದಲ್ಲಿ, ಅಂದರೆ ಸೊಂಟಕ್ಕಿಂತ ಕೆಳಗೆ ಬರುತ್ತದೆ. ತಲೆಯ ಹಿಂದೆ ಯಾವ ಗೆರೆಯೂ ಇರುವುದಿಲ್ಲ. ಮೇಲಂಚಿನಲ್ಲಿ ಪೈಪು ತೂರುವಷ್ಟು, ಸುಮಾರು 3 ಇಂಚಿನ ಮಡಿಕೆ ಹೊಲಿಯುವಂತೆ ದರ್ಜಿಗೆ ಮೊದಲೇ ಹೇಳಿಡಿ.

ಚೌಕಟ್ಟಿಗೆ 10 ಅಡಿ ಉದ್ದದ, 1 ಇಂಚಿನ ಮೂರು ಪಿವಿಸಿ ಪೈಪುಗಳು ಬೇಕು. ಎರಡು ಪೈಪುಗಳನ್ನು ತಲಾ 7 ಅಡಿ ಮತ್ತು 3 ಅಡಿಗೆ ಕತ್ತರಿಸಿದರೆ 7 ಅಡಿಯವು ಕಂಬಗಳಾಗುತ್ತವೆ. 3 ಅಡಿಯ ತುಂಡುಗಳನ್ನು ಮತ್ತೆ ಅರ್ಧ ಮಾಡಿ, ಒಂದೊಂದು ಟಿ ಜಾಯಿಂಟಿನ ಎರಡೂ ಕಡೆ ಸಿಕ್ಕಿಸಿದರೆ ಮುಂದಕ್ಕೂ ಹಿಂದಕ್ಕೂ ಚಾಚಿದ ಪಾದಗಳು ಸಿದ್ಧ. ಮೂರನೆಯ ಪೈಪಿನಿಂದ 8 ಅಡಿಯ ತೊಲೆಯನ್ನು ಕತ್ತರಿಸಿ, ಎರಡು ಎಲ್ಬೊಗಳಿಂದ (ಮೂಲೆಯ ಜಾಯಿಂಟುಗಳಿಂದ) ಕಂಬಗಳಿಗೆ ಕೂಡಿಸಬೇಕು. ಈ ತೊಲೆ ಬಟ್ಟೆಯ ಭಾರಕ್ಕೆ ನಡುವೆ ಜಗ್ಗುತ್ತದೆ, ಜಗ್ಗಿದಲ್ಲೇ ಸುಕ್ಕು ಹುಟ್ಟುತ್ತದೆ. ಒಳಗೆ ತೆಳ್ಳನೆಯ ನೇರವಾದ ಬಿದಿರಿನ ಗಳುವೊಂದನ್ನು ತೂರಿಸಿದರೆ ಆ ತೊಂದರೆ ತಪ್ಪುತ್ತದೆ. ಪಾದಗಳಿಗೆ ಮರಳು ತುಂಬಿ ಎಂಡ್ ಕ್ಯಾಪ್ ಹಾಕಿ. ಬಿಚ್ಚಿಡುವ ಅನುಕೂಲವಿರಲೆಂದು ಕೀಲುಗಳಿಗೆ ಸಲ್ಯೂಷನ್ (ಪೈಪಿನ ಅಂಟು) ಹಚ್ಚದೆ, ಒಂದೊಂದು ಸ್ಕ್ರೂ ಹಾಕಿದರೆ ಸಾಕು. ಬಟ್ಟೆಯನ್ನು ಇಸ್ತ್ರಿ ಮಾಡಿ ಏರಿಸಿ, ಎರಡೂ ಬದಿಯ ಅಂಚುಗಳನ್ನು ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಕಂಬಗಳಿಗೆ ಬಿಗಿಯಾಗಿ ಎಳೆದು ಕಟ್ಟಿ.

ಇನ್ನು ಬೆಳಕು. ಒಂದೇ ಕಂಪನಿಯ, ಒಂದೇ ಬಗೆಯ ಬಿಳಿ ಬೆಳಕಿನ ಎರಡು ಎಲ್‌ಇಡಿ ಟ್ಯೂಬುಗಳನ್ನು ಪರದೆಯ ಎಡಬಲಗಳಲ್ಲಿ, ಪರದೆಯತ್ತ ಓರೆಯಾಗಿ ನಿಲ್ಲಿಸಬೇಕು. ಮುಖಕ್ಕೆ ಬೇರೆಯದೇ ದೀಪ ಬೇಕು. ಮುಖದ ದೀಪದ ಮುಂದೆ ಒಂದೂವರೆ ಅಡಿ ದೂರದಲ್ಲಿ ತೆಳುವಾದ ಬಿಳಿ ಪಂಚೆಯನ್ನು ತೂಗುಹಾಕಿದರೆ ಬೆಳಕು ಮೃದುವಾಗುತ್ತದೆ. ಮಾತನಾಡುವವರು ಪರದೆಯಿಂದ ಕನಿಷ್ಠ 6 ಅಡಿ ಮುಂದೆ ಇರಬೇಕು. ಹತ್ತಿರವಿದ್ದರೆ ಅವರ ನೆರಳು ಬಟ್ಟೆಯ ಮೇಲೆ ಬೀಳುತ್ತದೆ, ಬಟ್ಟೆಯ ಹಸಿರು ಅವರ ಕೆನ್ನೆ, ಭುಜಗಳ ಮೇಲೆ ಬೀಳುತ್ತದೆ. ಎಣ್ಣೆ ಹಚ್ಚಿ ಬಾಚಿದ ಕೂದಲು ಈ ಹಸಿರನ್ನು ಕನ್ನಡಿಯಂತೆ ಹಿಡಿಯುತ್ತದೆ. ನನ್ನ ಚಿಕ್ಕಮ್ಮ ಹಬ್ಬದಡುಗೆಯ ವಿಡಿಯೊಗೆ ಹಸಿರು ಗಾಜಿನ ಬಳೆ ತೊಟ್ಟು, ಮರುಗದ ಎಸಳಿದ್ದ ಮಲ್ಲಿಗೆ ಮುಡಿದು ಬಂದಾಗ, ವಿಡಿಯೊದಲ್ಲಿ ಅವರ ಮಣಿಕಟ್ಟಿನ ನಡುವೆ ಹಿನ್ನೆಲೆಯ ಚಿತ್ರ ಉಂಗುರದಂತೆ ಇಣುಕಿತ್ತು. ಹಸಿರು ಸೀರೆಯನ್ನೇ ಉಡಬೇಕಾದರೆ ನೀಲಿ ಬಟ್ಟೆಯ ಪರದೆ ಹೊಲಿಸಿ, ಬೆಳಕನ್ನು ಹೆಚ್ಚಿಸಿಕೊಳ್ಳಿ.

ಬೆಳಕು ಸಮವಾಗಿದೆಯೇ ಎಂದು ತಿಳಿಯಲು ಬರಿಯ ಪರದೆಯ ಫೋಟೊ ತೆಗೆದು ಕಪ್ಪುಬಿಳುಪಿಗೆ ಬದಲಿಸಿ ನೋಡಿ. ಎಲ್ಲೆಡೆ ಒಂದೇ ಬೂದು ಬಣ್ಣ ಕಾಣಬೇಕು, ಮೂಲೆಗಳು ಕಪ್ಪಾಗಿದ್ದರೆ ದೀಪಗಳನ್ನು ಸ್ವಲ್ಪ ಹಿಂದೆ ಸರಿಸಬೇಕು. ಫೋನಿನಲ್ಲಿ ಎಕ್ಸ್‌ಪೋಶರ್ (ಚಿತ್ರದ ಬೆಳಕಿನ ಮಟ್ಟ) ಮತ್ತು ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ತಾವಾಗಿ ಬದಲಾಗದಂತೆ ಲಾಕ್ ಮಾಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ದೀಪದ ಮಿಣುಕು ಕಾಣುವುದಿಲ್ಲ. ಬಟ್ಟೆ ಅಲುಗದಂತೆ ಫ್ಯಾನು ನಿಲ್ಲಿಸಿ.

ಉಚಿತವಾಗಿ ಸಿಗುವ ಒಬಿಎಸ್ ಸ್ಟುಡಿಯೊ ಎಂಬ ವಿಡಿಯೊ ದಾಖಲಿಸುವ ಸಾಫ್ಟ್‌ವೇರಿನಲ್ಲಿ, ಹಸಿರನ್ನು ತೆಗೆದುಹಾಕುವ ಕ್ರೋಮಾ ಕೀ ಎಂಬ ಫಿಲ್ಟರ್ ಇದೆ. ಚಿತ್ರೀಕರಿಸಿದ ಮೇಲೆ ಎಡಿಟ್ ಮಾಡುವವರಿಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ ಸಾಕು. ಪರದೆಯ ಆಚೆ ಕಾಣುವ ಗೋಡೆ, ಕಿಟಕಿಗಳನ್ನು ಮೊದಲು ಕ್ರಾಪ್ ಮಾಡಿ; ವ್ಯಕ್ತಿಯ ಸುತ್ತ ಹಸಿರಿದ್ದರೆ ಸಾಕು, ಚಿತ್ರವೆಲ್ಲ ಹಸಿರಾಗಿರಬೇಕಿಲ್ಲ. ಒಬಿಎಸ್‌ನಲ್ಲಿ ಸಿಮಿಲಾರಿಟಿಯನ್ನು (ಎಷ್ಟು ಬಗೆಯ ಹಸಿರನ್ನು ತೆಗೆಯಬೇಕೆಂಬ ಅಳತೆ) ಹಿನ್ನೆಲೆ ಮಾಯವಾಗುವವರೆಗೆ ಮಾತ್ರ ಏರಿಸಿ. ಇನ್ನೂ ಎಳೆದರೆ ಕೂದಲಿನ ಎಳೆಗಳು ಕರಗಿ ತಲೆ ಕತ್ತರಿಸಿ ಅಂಟಿಸಿದಂತಾಗುತ್ತದೆ.

ಕೆಲಸ ಮುಗಿದ ಮೇಲೆ ಬಟ್ಟೆಯನ್ನು ಮಡಿಸಬೇಡಿ. 8 ಅಡಿಯ ತೊಲೆಗೇ ಚಾಪೆಯಂತೆ ಸುತ್ತಿ, ಕೋಣೆಯ ಮೂಲೆಗೆ ಒರಗಿಸಿ ನಿಲ್ಲಿಸಿದರೆ ಮುಂದಿನ ಬಾರಿ ಇಸ್ತ್ರಿ ಪೆಟ್ಟಿಗೆಯ ಅಗತ್ಯವೇ ಬೀಳುವುದಿಲ್ಲ.