ಎಡಕ್ಕೆ ಹೋಗಬೇಕೆಂದರೆ ಎಡಗೈ ತಳ್ಳಬೇಕು

ಆರ್‌ಟಿಒ ಮೈದಾನದಲ್ಲಿ ಕಾಲು ಊರದೆ ಎಂಟು ಹಾಕಿದರೆ ಲೈಸೆನ್ಸ್ ಕೈಗೆ ಬರುತ್ತದೆ. ನನಗೂ ಹಾಗೇ ಬಂತು. ಆದರೆ ಆ ಎಂಟಿನಲ್ಲಿ ಕಲಿಯುವುದು ಆಮೆವೇಗದ ಸವಾರಿ: ಹಾಫ್ ಕ್ಲಚ್, ಹಿಂದಿನ ಬ್ರೇಕ್ ಮೇಲೆ ಸಣ್ಣಗೆ ಕಾಲು, ಹ್ಯಾಂಡಲ್ ತಿರುಗಿಸಿದತ್ತ ಗಾಡಿ. ವೇಗ 20–25 ಕಿ.ಮೀ. ದಾಟಿತೋ, ಲೆಕ್ಕ ಉಲ್ಟಾ ಆಗುತ್ತದೆ: ಎಡಕ್ಕೆ ಹೋಗಲು ಹ್ಯಾಂಡಲನ್ನು ಕ್ಷಣಕಾಲ ಬಲಕ್ಕೆ ತಿರುಗಿಸಬೇಕು. ಅದನ್ನೇ ಕೌಂಟರ್‌ಸ್ಟೀರಿಂಗ್ ಅನ್ನುವುದು.

ನಾನು ಇದನ್ನು ಅಭ್ಯಾಸ ಮಾಡಿದ್ದು ಮೈಸೂರಿನ ಹೊರಗಿನ ಒಂದು ಲೇಔಟ್‌ನಲ್ಲಿ. ಡಾಂಬರು ಬಂದಿದೆ, ಸೈಟಿನ ಕಲ್ಲು ನೆಟ್ಟಿದೆ, ಮನೆ ಮಾತ್ರ ಒಂದೂ ಎದ್ದಿಲ್ಲ; ಇಂಥ ಜಾಗಕ್ಕೆ ನಮ್ಮಲ್ಲಿ ಬರವೇ? ಮೊದಲು ಪೊರಕೆ ಹಿಡಿದು ರಸ್ತೆಯ ಮರಳು ಗುಡಿಸಿದೆ. ಆಮೇಲೆ ಮೂರನೇ ಗೇರ್, 40ರ ವೇಗ, ನೇರ ದಾರಿ. ಮಂಡಿ ಟ್ಯಾಂಕಿಗೆ ಒತ್ತಿಕೊಂಡು, ಮೊಣಕೈ ಸಡಿಲ ಬಿಟ್ಟು, ಎಡ ಅಂಗೈಯಿಂದ ಎಡ ಹಿಡಿಯನ್ನು ಮುಂದಕ್ಕೆ ತಳ್ಳಿದೆ. ಕೆಳಕ್ಕಲ್ಲ, ಮುಂದಕ್ಕೆ. ಕಾಲಿಂಗ್ ಬೆಲ್ ಒತ್ತುವಷ್ಟು ಬಲ ಸಾಕು. ಬೈಕು ತಟ್ಟನೆ ಎಡಕ್ಕೆ ವಾಲಿ ಎಡಕ್ಕೇ ಹೊರಟಿತು. ಬಲಗೈ ತಳ್ಳಿದರೆ ಬಲಕ್ಕೆ.

ಎಡ ಹಿಡಿ ಮುಂದೆ ಹೋದಾಗ ಮುಂದಿನ ಚಕ್ರ ಕ್ಷಣಕಾಲ ಬಲಕ್ಕೆ ಮುಖ ಮಾಡುತ್ತದೆ. ನೆಲ ಕಚ್ಚಿದ ಟೈರು ಬಲಕ್ಕೆ ಸರಿಯುತ್ತದೆ, ಮೇಲಿನ ಭಾರ ಇದ್ದಲ್ಲೇ ಉಳಿಯುತ್ತದೆ. ಹಾಗಾಗಿ ಗಾಡಿ ಎಡಕ್ಕೆ ವಾಲಲೇಬೇಕು. ವಾಲಿದ ಮೇಲೆ ಚಕ್ರ ತಾನೇ ಎಡಕ್ಕೆ ತಿರುಗಿ ಸಮತೋಲ ಹಿಡಿಯುತ್ತದೆ. ಎಲ್ಲ ಎಷ್ಟು ಬೇಗ ಮುಗಿಯುತ್ತದೆಂದರೆ ಕಣ್ಣಿಗೆ ಬೀಳುವುದೇ ಇಲ್ಲ. ಸೈಕಲ್ ಸವಾರರೂ ಇದನ್ನು ಮಾಡುತ್ತಾರೆ, ಆದರೆ ಮಾಡುತ್ತಿದ್ದೇವೆಂದು ಅವರಿಗೇ ಗೊತ್ತಿಲ್ಲ ಎಂಬುದನ್ನು ವಿಲ್ಬರ್ ರೈಟ್ ಗಮನಿಸಿದ್ದರು. ವಿಮಾನದ ಆ ಅಣ್ಣತಮ್ಮಂದಿರು ಮೂಲತಃ ಸೈಕಲ್ ಅಂಗಡಿಯವರು.

‘ಅದೆಲ್ಲ ಬೇಡ, ಮೈ ವಾಲಿಸಿದರೆ ಸಾಕು’ ಅನ್ನುವ ಗೆಳೆಯರು ನನಗೂ ಇದ್ದಾರೆ. ಅಮೆರಿಕದ ತರಬೇತುದಾರ ಕೀತ್ ಕೋಡ್ ಅಂಥವರಿಗಾಗಿಯೇ ಒಂದು ಬೈಕು ಮಾಡಿಸಿದರು. ಅದರಲ್ಲಿ ಮಾಮೂಲಿ ಹ್ಯಾಂಡಲ್ ಜೊತೆಗೆ ಅಲುಗಾಡದಂತೆ ಫ್ರೇಮಿಗೇ ಬಿಗಿದ ಇನ್ನೊಂದು ಜೊತೆ ಹಿಡಿ. ಅದನ್ನು ಹಿಡಿದು ಎಷ್ಟು ವಾಲಾಡಿದರೂ ಗಾಡಿ ಒಂಚೂರು ಓಲಾಡುತ್ತದೆ, ಅಷ್ಟೇ.

ಗೊತ್ತಿಲ್ಲದೆಯೂ ಮಾಡುತ್ತೇವೆ ಅಂದಮೇಲೆ ಕಲಿಯುವುದೇಕೆ? ಹೆದರಿದಾಗ ಕೈ ಸೆಟೆದುಕೊಳ್ಳುತ್ತದಲ್ಲ, ಅದಕ್ಕೆ. ಲಾಸ್ ಏಂಜಲೀಸ್‌ನಲ್ಲಿ ಸುಮಾರು 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ತನಿಖೆ ಮಾಡಿದ ಹರ್ಟ್ ವರದಿ 1981ರಲ್ಲಿ ಬಂತು. ಕೌಂಟರ್‌ಸ್ಟೀರ್ ಮಾಡಿ ತಪ್ಪಿಸಿಕೊಳ್ಳುವ ಕೌಶಲ ಆ ಸವಾರರಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಎಂದು ಅದು ಹೇಳಿತು.

ಹಾಗಾಗಿ ನಾನು ಹೆಚ್ಚು ಹೊತ್ತು ಕಳೆದದ್ದು ಗುಂಡಿ ತಪ್ಪಿಸುವುದರಲ್ಲಿ. ರಂಗೋಲಿ ಪುಡಿಯಲ್ಲಿ ರಸ್ತೆ ಮಧ್ಯೆ ದೊಡ್ಡ ಗುಂಡಿ ಬರೆದೆ. ಎಡಗೈಯಿಂದ ಒಂದು ತಳ್ಳು, ಗುಂಡಿ ದಾಟಿದೊಡನೆ ಬಲಗೈಯಿಂದ ಒಂದು ತಳ್ಳು, ಮತ್ತೆ ನೇರ. ಈ ನಡುವೆ ಬ್ರೇಕ್ ಮುಟ್ಟುವ ಹಾಗಿಲ್ಲ. ಬ್ರೇಕ್ ಹಿಡಿಯುವುದಿದ್ದರೆ ಗಾಡಿ ನೆಟ್ಟಗಿರುವಾಗ. ತಳ್ಳುವುದಕ್ಕಿಂತ ಕಷ್ಟವಾದದ್ದು ಕಣ್ಣು. ಗುಂಡಿಯನ್ನೇ ನೋಡಿದರೆ ಗುಂಡಿಗೇ ಹೋಗುತ್ತೀರಿ. ಪಕ್ಕದ ಖಾಲಿ ಡಾಂಬರನ್ನು ದಿಟ್ಟಿಸಬೇಕು. ನಮ್ಮೂರ ಗುಂಡಿಗಳ ಮುಂದೆ ಅದು ದೊಡ್ಡ ತಪಸ್ಸು.

ಸುಂಟಿಕೊಪ್ಪ ದಾಟಿ ಮಡಿಕೇರಿಗೆ ಏರುವ ತಿರುವುಗಳಲ್ಲಿ ಇದರ ಫಲ ಕಂಡೆ. ತಿರುವು ಒಳಗೊಳಗೇ ಬಿಗಿಯಾದರೆ ಈಗ ಗಾಬರಿಯಿಲ್ಲ, ಒಳಗಡೆಯ ಕೈ ಇನ್ನೊಂಚೂರು ತಳ್ಳುತ್ತದೆ. ಮಳೆ ಬಿದ್ದಿದ್ದರೂ ರಸ್ತೆಯಲ್ಲಿ ರಾಗಿ ಹುಲ್ಲು ಹರಡಿದ್ದರೂ ತಳ್ಳುವುದಿಲ್ಲ, ಮೊದಲೇ ವೇಗ ಇಳಿಸಿ ನೆಟ್ಟಗೆ ದಾಟುತ್ತೇನೆ. ಆಗುಂಬೆ ಘಾಟಿಯ 14 ಹೇರ್‌ಪಿನ್‌ಗಳಲ್ಲಂತೂ ಮೊದಲ ಗೇರ್, ಹಾಫ್ ಕ್ಲಚ್, ಅದೇ ಆರ್‌ಟಿಒ ಎಂಟು. ಅಲ್ಲಿ ಎದುರಿನಿಂದ ಬಸ್ಸು ಬಂದರೆ ಇಡೀ ತಿರುವು ಅದಕ್ಕೇ ಬೇಕು, ಹಾಗಾಗಿ ಹಾರ್ನ್ ಕೇಳಿದ ಕೂಡಲೇ ತಿರುವಿಗೆ ಮುಂಚೆಯೇ ನಿಲ್ಲಿಸಿಬಿಡುತ್ತೇನೆ.